ಕೈಗುಣಕ್ಕೊಂದು ಅಳತೆಗೋಲು

‘ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ’ ಎಂಬ ಮಾತನ್ನು ಕೇಳದೆ ದೊಡ್ಡವರಾದ ಕನ್ನಡಿಗರು ಸಿಗಲಿಕ್ಕಿಲ್ಲ. ಅದೇ ಮಾತ್ರೆ, ಅದೇ ಕಂಪನಿ, ಅದೇ ಬೆಲೆ. ಆದರೂ ಒಬ್ಬರು ಬರೆದುಕೊಟ್ಟರೆ ಗುಣವಾಗುತ್ತದೆ, ಇನ್ನೊಬ್ಬರು ಬರೆದುಕೊಟ್ಟರೆ ಇಲ್ಲ. ವಿಜ್ಞಾನ ಓದಿದವರು ಇದನ್ನು ಕೇಳಿ ನಗುತ್ತಾರೆ. ನಕ್ಕವರಲ್ಲಿ ನಾನೂ ಒಬ್ಬ. ಬಾರ್ಬರಾ ಕಾರ್ಶ್ ಎಂಬ ಮಕ್ಕಳ ವೈದ್ಯೆಯ ಕೆಲಸವನ್ನು ಓದಿದ ಮೇಲೆ ನಗುವ ಉತ್ಸಾಹ ಕಡಿಮೆಯಾಗಿದೆ. ಕೈಗುಣಕ್ಕೆ ಒಂದು ಅಳತೆಗೋಲು ಮಾಡಲು ಹೊರಟವರು ಅವರು. ಅಳೆದು ತೋರಿಸಿದ್ದೂ ಹೌದು.

ಸಂದರ್ಭ 1960ರ ದಶಕದ್ದು, ಊರು ಲಾಸ್ ಏಂಜಲೀಸ್. ಅಲ್ಲಿನ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಜ್ವರ, ವಾಂತಿ, ಕೆಮ್ಮು ಎಂದು ಮಗುವನ್ನು ಎತ್ತಿಕೊಂಡು ತಾಯಂದಿರು ಬರುತ್ತಿದ್ದರು. ಅವರಿಗೆ ಡಾಕ್ಟರ ಮುಖಪರಿಚಯವಿಲ್ಲ, ಡಾಕ್ಟರಿಗೆ ಅವರ ಮನೆಯ ಕಥೆ ಗೊತ್ತಿಲ್ಲ. ಕಾರ್ಶ್ ಮತ್ತು ಸಂಗಡಿಗರು ಅಂಥ 800 ಭೇಟಿಗಳ ಮಾತುಕತೆಯನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ತಾಯಿ ಹೊರಗೆ ಬಂದ ಕೂಡಲೇ ಅವಳನ್ನು ಕೂರಿಸಿ ಮಾತಾಡಿಸಿದರು. ಎರಡು ವಾರದೊಳಗೆ ಮತ್ತೆ ಹುಡುಕಿಕೊಂಡು ಹೋಗಿ, ಡಾಕ್ಟರು ಹೇಳಿದ್ದರಲ್ಲಿ ಏನೇನು ಮಾಡಿದಿರಿ, ಬರೆದುಕೊಟ್ಟ ಔಷಧಿಯನ್ನು ಪೂರ್ತಿ ಕೊಟ್ಟಿರಾ ಎಂದು ವಿಚಾರಿಸಿದರು. ಒಂದು ಕಡೆ ಟೇಪು, ಇನ್ನೊಂದು ಕಡೆ ತಾಯಿಯ ಸಮಾಧಾನ ಅಸಮಾಧಾನ, ಮೂರನೆಯ ಕಡೆ ಖಾಲಿಯಾದ ಅಥವಾ ಆಗದ ಔಷಧಿಯ ಶೀಶೆ. ಈ ಮೂರನ್ನೂ ಎದುರುಬದುರು ಇಟ್ಟು ನೋಡಿದ್ದು ಅವರ ಹೊಸತನ. ಫಲಿತಾಂಶಗಳು 1968 ಮತ್ತು 1969ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. 1972ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಮಾಸಿಕದ ಮೂಲಕ ಜನಸಾಮಾನ್ಯರಿಗೂ ತಲುಪಿದವು.

ಅಲ್ಲಿಯವರೆಗೆ ಔಷಧಿ ಬಿಟ್ಟವರ ಮೇಲೆ ತಪ್ಪು ಹೊರಿಸುವುದು ಸುಲಭವಾಗಿತ್ತು. ರೋಗಿಗಳು ಔಷಧಿ ತೆಗೆದುಕೊಂಡೆವೆಂದು ಸುಳ್ಳು ಹೇಳುತ್ತಾರೆ, ಎಚ್ಚರವಾಗಿರಿ ಎಂಬ ಮಾತು ಹಿಪೊಕ್ರೇಟಸನ ಹೆಸರಿನಲ್ಲಿರುವ ಗ್ರೀಕ್ ಬರಹಗಳಲ್ಲೇ ಇದೆ. ಅಂದಿನಿಂದ ಇಂದಿನವರೆಗೆ ನಮ್ಮ ಡಾಕ್ಟರುಗಳ ಬಾಯಲ್ಲೂ ಅದೇ ಮಾತು: ‘ಹೇಳಿದ್ದು ಕೇಳಲ್ಲ ಕಣ್ರೀ ಇವ್ರು.’ ಹೇಳಿದ್ದು ಅವರ ಕಿವಿಗೆ ಏನಾಗಿ ಬಿತ್ತು ಎಂದು ಯಾರೂ ಟೇಪು ಹಾಕಿ ಕೇಳಿರಲಿಲ್ಲ, ಅಷ್ಟೆ.

ಟೇಪಿನಲ್ಲಿ ಏನಿತ್ತು? ಮೊದಲನೆಯದಾಗಿ, ಇಂಗ್ಲಿಷ್ ಮಾತಾಡುವ ತಾಯಂದಿರಿಗೂ ಡಾಕ್ಟರ ಇಂಗ್ಲಿಷ್ ತಿಳಿದಿರಲಿಲ್ಲ. ಲಂಬಾರ್ ಪಂಕ್ಚರ್ ಎಂದರೆ ಬೆನ್ನಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡುವುದು. ಅದನ್ನು ಶ್ವಾಸಕೋಶದ ನೀರು ಬಸಿಯುವ ಆಪರೇಶನ್ ಎಂದುಕೊಂಡವರಿದ್ದರು. ರೋಗಾಣು ಮೈಯೊಳಗೆ ಹೊಕ್ಕು ರೋಗ ಕಾಣಿಸಿಕೊಳ್ಳುವವರೆಗಿನ ಅವಧಿಗೆ ‘ಇನ್‌ಕ್ಯುಬೇಶನ್’ ಎನ್ನುತ್ತಾರಲ್ಲ, ಅದನ್ನು ಮಗು ಹಾಸಿಗೆಯಲ್ಲಿ ಮಲಗಿರಬೇಕಾದ ದಿನಗಳ ಲೆಕ್ಕ ಎಂದು ಒಬ್ಬಾಕೆ ತಿಳಿದಿದ್ದಳು. ‘ವರ್ಕಪ್ಪಿಗೆ ಸೇರಿಸ್ಕೊಳ್ತೀವಿ’ ಎಂದರೆ ಮಗುವನ್ನು ಆಸ್ಪತ್ರೆಯಲ್ಲಿ ಮಲಗಿಸುತ್ತಾರೆ ಎಂಬುದೇ ಇನ್ನೊಬ್ಬಾಕೆಗೆ ಹೊಳೆದಿರಲಿಲ್ಲ. ನಮ್ಮಲ್ಲಿ ‘ರಿಪೋರ್ಟ್ ನೆಗೆಟಿವ್ ಬಂದಿದೆ’ ಎಂದ ಕೂಡಲೇ ಕಣ್ಣೀರು ಹಾಕುವವರನ್ನು ಲ್ಯಾಬಿನ ಮುಂದೆ ನೀವೂ ನೋಡಿರುತ್ತೀರಿ.

ಪದಗಳ ಗೊಂದಲ ಸಣ್ಣ ವಿಷಯ. ಅದಕ್ಕಿಂತ ದೊಡ್ಡದು ಕೇಳದೆ ಉಳಿದದ್ದು. ನೂರಕ್ಕೆ 26 ಮಂದಿ ತಾಯಂದಿರು ತಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದ ಚಿಂತೆಯನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿರಲೇ ಇಲ್ಲ. ಹೇಳಲು ಸಂದಿಯೇ ಸಿಗಲಿಲ್ಲ ಎಂದರು. ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಮಗುವಿಗೆ ಏನಾಗಿದೆ ಎಂಬುದೇ ಸ್ಪಷ್ಟವಾಗದೆ ಮನೆಗೆ ಹೋದರು. ಯಾಕೆ ಹೀಗಾಯಿತು ಎಂಬ ಪ್ರಶ್ನೆಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಹೋದವರು ಸುಮಾರು ಅರ್ಧದಷ್ಟು. ಆ ‘ಯಾಕೆ’ ಎಂಬುದರ ಹಿಂದೆ ಇನ್ನೊಂದು ಪ್ರಶ್ನೆ ಅವಿತಿತ್ತು. 800ರಲ್ಲಿ ಸುಮಾರು 300 ತಾಯಂದಿರು, ನನ್ನ ತಪ್ಪಿನಿಂದಲೇ ಮಗುವಿಗೆ ಕಾಯಿಲೆ ಬಂತೇನೋ ಎಂದು ಒಳಗೊಳಗೇ ಕೊರಗುತ್ತಿದ್ದರು. ತಣ್ಣೀರಿನಲ್ಲಿ ಮೀಯಿಸಿದೆನೆ, ಗಾಳಿಗೆ ಕರೆದುಕೊಂಡು ಹೋದೆನೆ ಎಂದು ನಮ್ಮ ಅಮ್ಮಂದಿರು ಲೆಕ್ಕ ಹಾಕುತ್ತಾರಲ್ಲ, ಅದೇ ಕೊರಗು. ಅಂಥ ಹೊತ್ತಿನಲ್ಲಿ ‘ದಿನಕ್ಕೆ ಮೂರು ಸಲ, ಐದು ದಿನ’ ಎಂಬುದು ಯಾರ ತಲೆಗೆ ಇಳಿಯುತ್ತದೆ? ಮನಸ್ಸೆಲ್ಲ ಆ ಪ್ರಶ್ನೆಯ ಹತ್ತಿರ ನಿಂತಿರುತ್ತದೆ.

ಡಾಕ್ಟರುಗಳನ್ನು ಕೇಳಿದರೆ, ತಾವು ಸ್ನೇಹದಿಂದಲೇ ಮಾತಾಡಿದೆವು ಎಂದರು. ತಾಯಂದಿರಲ್ಲಿ ಹಾಗೆ ಅನ್ನಿಸಿದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ಟೇಪು ತಾಯಂದಿರ ಪರವಾಗಿ ಸಾಕ್ಷಿ ಹೇಳಿತು: ಡಾಕ್ಟರ ಮಾತಿನಲ್ಲಿ ಕಾಯಿಲೆಯ ಆಚೆಗಿನ ಆತ್ಮೀಯ ಮಾತು ನೂರಕ್ಕೆ ಐದರಷ್ಟೂ ಇರಲಿಲ್ಲ. ಇದ್ದ ಅಷ್ಟಿಷ್ಟೂ ಮಗುವಿನ ಪಾಲಿಗೆ. ಮಗುವನ್ನು ಮುದ್ದು ಮಾಡಿ, ತಾಯಿಗೆ ಅಪ್ಪಣೆ ಕೊಟ್ಟು ಕಳಿಸಿದ್ದರು.

ಇನ್ನು ಲೆಕ್ಕ. ನೂರಕ್ಕೆ 76 ಮಂದಿ ಒಟ್ಟಿನಲ್ಲಿ ತೃಪ್ತರಾಗಿದ್ದರು. ಇದು ಕೆಟ್ಟ ಅಂಕವಲ್ಲ, ಆಸ್ಪತ್ರೆಯ ಗೋಡೆಯ ಮೇಲೆ ಫಲಕ ಹಾಕಿಸಿಕೊಳ್ಳಬಹುದು. ಆದರೆ ಹೇಳಿದ್ದನ್ನೆಲ್ಲ ಪೂರ್ತಿ ಪಾಲಿಸಿದವರು ನೂರಕ್ಕೆ 42 ಮಾತ್ರ. ಇವೆರಡನ್ನೂ ಕೂಡಿಸಿ ನೋಡಿದಾಗ ಕಾರ್ಶ್ ಅವರ ಪ್ರಸಿದ್ಧ ಅಂಕಿ ಸಿಕ್ಕಿತು: ತುಂಬಾ ತೃಪ್ತರಾಗಿದ್ದ ತಾಯಂದಿರಲ್ಲಿ ನೂರಕ್ಕೆ 53.4 ಮಂದಿ ಸಲಹೆಯನ್ನು ಪೂರ್ತಿ ಪಾಲಿಸಿದ್ದರು, ತೀರಾ ಅತೃಪ್ತರಾಗಿದ್ದವರಲ್ಲಿ 16.7 ಮಂದಿ. ಮೂರು ಪಟ್ಟು ಅಂತರ. ಕೈಗುಣ ಎಂಬುದು ಅಂಕಿಯಾಗಿ ಕಾಗದದ ಮೇಲೆ ಇಳಿದ ಗಳಿಗೆ ಅದು ಎಂದು ನಾನು ಎಣಿಸುತ್ತೇನೆ. ಗುಣಪಡಿಸುವುದು ಮಾತ್ರೆಯೇ ಇರಬಹುದು, ಆದರೆ ಅದು ಬಾಯಿಗೆ ಹೋಗಬೇಕಲ್ಲ.

ಅಂಕಿಯನ್ನು ತಿರುವಿಹಾಕಿ ನೋಡಿದರೆ ಬೇರೆ ಕಥೆಯೂ ಇದೆ. ಅಷ್ಟು ಖುಷಿಯಾಗಿ ಹೊರಬಂದವರಲ್ಲೂ ಅರ್ಧದಷ್ಟು ಜನ ಪೂರ್ತಿ ಪಾಲಿಸಲಿಲ್ಲ. ತೃಪ್ತಿ ಬೇಕು, ತೃಪ್ತಿಯೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಕೊಟ್ಟ ವರದಿಯ ಪ್ರಕಾರ, ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಯವರಲ್ಲಿ ಸರಿಯಾಗಿ ಔಷಧಿ ತೆಗೆದುಕೊಳ್ಳುವವರು ಸುಮಾರು ಅರ್ಧದಷ್ಟು. ಕಾಯಿಲೆಯ ಬಗ್ಗೆ ಪಾಠ ಮಾಡಿದರೆ ಸರಿಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸಿದರೆ, ಅದನ್ನೂ ಕೆನಡಾದ ಹ್ಯಾಮಿಲ್ಟನ್ ಊರಿನಲ್ಲಿ ಮಾಡಿ ನೋಡಿದ್ದಾರೆ. ಡೇವಿಡ್ ಸ್ಯಾಕೆಟ್, ಬ್ರಯನ್ ಹೇನ್ಸ್ ಮುಂತಾದವರು ಬಿಪಿ ಇದ್ದ 230 ಉಕ್ಕಿನ ಕಾರ್ಖಾನೆ ಕಾರ್ಮಿಕರಲ್ಲಿ ಕೆಲವರಿಗೆ ಬಿಪಿಯ ಬಗ್ಗೆ ಚೆನ್ನಾಗಿ ಕಲಿಸಿದರು, ಕೆಲವರಿಗೆ ಕೆಲಸದ ಜಾಗದಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. 1975ರಲ್ಲಿ ಬಂದ ಫಲಿತಾಂಶ: ಕಲಿತವರು ಚೆನ್ನಾಗಿಯೇ ಕಲಿತಿದ್ದರು, ಮಾತ್ರೆ ಮಾತ್ರ ಕಲಿಯದವರಷ್ಟೇ ನುಂಗುತ್ತಿದ್ದರು.

ಕಾರ್ಶ್ ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು, ಹೊತ್ತಿನ ಕುರಿತಾದ ಭಾಗ. ಭೇಟಿ ಎಷ್ಟು ನಿಮಿಷ ನಡೆಯಿತು ಎಂಬುದಕ್ಕೂ ತಾಯಿ ತೃಪ್ತಳಾದಳೇ ಎಂಬುದಕ್ಕೂ ಹೇಳಿಕೊಳ್ಳುವ ನಂಟು ಕಾಣಲಿಲ್ಲ. ಉದ್ದುದ್ದ ನಡೆದ ಕೆಲವು ಭೇಟಿಗಳು ಉದ್ದವಾದದ್ದೇ ಇಬ್ಬರ ಮಾತು ಒಂದಕ್ಕೊಂದು ಕೂಡದೆ ಎಳೆದಾಡಿದ್ದರಿಂದ. ‘ಟೈಮ್ ಎಲ್ಲಿದೆ ಸ್ವಾಮಿ’ ಎನ್ನುವ ಡಾಕ್ಟರುಗಳಿಗೆ ಇದು ಸ್ವಲ್ಪ ಮುಜುಗರದ ಸಂಗತಿ. ಹಾಗೆಂದು ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. 67 ದೇಶಗಳ ಲೆಕ್ಕ ಕೂಡಿಸಿ 2017ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಸ್ವೀಡನ್ನಿನ ರೋಗಿಗೆ ಸರಾಸರಿ 22.5 ನಿಮಿಷ ಸಿಕ್ಕರೆ ನಮ್ಮ ದೇಶದವರಿಗೆ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಎಷ್ಟು ಕೈಗುಣ ತೋರಿಸಲು ಸಾಧ್ಯ? ಲಾಸ್ ಏಂಜಲೀಸಿನ ಪಾಠವನ್ನು ಜಿಲ್ಲಾಸ್ಪತ್ರೆಯ ಓಪಿಡಿಗೆ ಹಾಗೇ ಎತ್ತಿ ತರಲಾಗದು.

ಕಾರ್ಶ್ ಹುಟ್ಟಿದ್ದು ಜರ್ಮನಿಯಲ್ಲಿ. ತಂದೆ ಕಾರ್ಲ್ ಕಾರ್ಶ್ ಹೆಸರಾಂತ ಮಾರ್ಕ್ಸ್‌ವಾದಿ ಚಿಂತಕ, ನಾಜಿಗಳ ಕಾಲದಲ್ಲಿ ದೇಶ ಬಿಡಬೇಕಾಗಿ ಬಂದವರು. ಮಗಳು ಅಮೆರಿಕದಲ್ಲಿ ಪರಭಾಷೆಯಲ್ಲಿ ವೈದ್ಯಕೀಯ ಓದಿದರು. ಎದುರಿನವರ ಮಾತು ಅರ್ಧ ಅರ್ಥವಾಗಿ ಅರ್ಧ ಆಗದೆ ತಲೆಯಾಡಿಸುವುದು ಹೇಗಿರುತ್ತದೆ ಎಂದು ಅವರಿಗೆ ಒಳಗಿನಿಂದ ಗೊತ್ತಿತ್ತೇನೋ. ಇದು ನನ್ನ ಊಹೆ, ಅವರು ಹೇಳಿದ್ದಲ್ಲ. ಮುಂದೆ ಅವರು ಕಿಡ್ನಿ ಕಸಿ ಮಾಡಿಸಿಕೊಂಡ ಮಕ್ಕಳನ್ನು ಗಮನಿಸಿದರು. ಆ ಔಷಧಿ ಬಿಟ್ಟರೆ ಕಸಿಯಾದ ಕಿಡ್ನಿಯೇ ಹೋಗುತ್ತದೆ. ಗೊತ್ತಿದ್ದೂ ಬಿಟ್ಟ ಹದಿಹರೆಯದವರಿದ್ದರು, ಅದರಲ್ಲೂ ಹುಡುಗಿಯರು. ಸ್ಟಿರಾಯ್ಡಿನಿಂದ ಮುಖ ಊದಿಕೊಳ್ಳುವುದು ಹದಿನೈದರ ಹುಡುಗಿಗೆ ಸಣ್ಣ ವಿಷಯವಲ್ಲ. ಚೀಟಿ ಬರೆಯುವವರಿಗೆ ಅದು ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಒಂದು ಸಾಲು.

ಕಾರ್ಶ್ ಟೇಪು ಸುತ್ತುತ್ತಿದ್ದ ಕಾಲದಲ್ಲೇ ಬ್ರಿಟನ್ನಿನಲ್ಲಿ ಫಿಲಿಪ್ ಲೇ ಎಂಬ ಮನಶ್ಶಾಸ್ತ್ರಜ್ಞರು, ಡಾಕ್ಟರ ಕೋಣೆಯಿಂದ ಹೊರಬಂದವರಿಗೆ ಏನೇನು ನೆನಪಿದೆ ಎಂದು ಎಣಿಸುತ್ತಿದ್ದರು. ಹೇಳಿದ್ದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅಲ್ಲಿಂದಲ್ಲಿಗೇ ಮರೆತುಹೋಗಿರುತ್ತಿತ್ತು. ಮೊದಲು ಹೇಳಿದ್ದು ನೆನಪಿರುತ್ತದೆ, ಕೊನೆಯಲ್ಲಿ ಹೇಳಿದ್ದು ಜಾರುತ್ತದೆ. ಆದರೆ ಡಾಕ್ಟರು ಮೊದಲು ಕಾಯಿಲೆಯ ಹೆಸರು ಹೇಳುತ್ತಾರೆ, ಕೊನೆಗೆ ಮಾತ್ರೆಯ ವಿಷಯ. ಕಾಯಿಲೆಯ ಹೆಸರು ಕೇಳಿ ಬೆಚ್ಚಿದವರಿಗೆ ಮಾತ್ರೆಯ ವಿಷಯ ಕಿವಿಗೇ ಬಿದ್ದಿರುವುದಿಲ್ಲ. ಅರ್ಥವಾದರೆ, ನೆನಪಿದ್ದರೆ ತೃಪ್ತಿ, ತೃಪ್ತಿಯಿದ್ದರೆ ಪಾಲನೆ ಎಂಬ ಸರಪಳಿಯನ್ನು ಲೇ ಕಟ್ಟಿಕೊಟ್ಟರು. ಆ ಮೇಲೆ ಬಂದ ನೂರಾರು ಅಧ್ಯಯನಗಳು ಅದರ ಕೊಂಡಿಗಳನ್ನು ಎಳೆದು ಪರೀಕ್ಷಿಸಿವೆ. ಅಂಥ 106 ಅಧ್ಯಯನಗಳನ್ನು 2009ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸರಿಯಾಗಿ ಮಾತಾಡದ ವೈದ್ಯರ ರೋಗಿಗಳು ಔಷಧಿ ತಪ್ಪಿಸುವ ಸಂಭವ ಶೇ 19ರಷ್ಟು ಹೆಚ್ಚು ಎಂದು ತಿಳಿಯಿತು.

ನಮ್ಮಲ್ಲಿ ಈ ಸರಪಳಿಗೆ ಇನ್ನೂ ಕೆಲವು ಕೊಂಡಿಗಳಿವೆ. ಅರಸೀಕೆರೆಯ ನಮ್ಮ ಸೋದರತ್ತೆಗೆ ಬಿಪಿ. ಡಾಕ್ಟರು ಮಾತ್ರೆ ಬರೆದುಕೊಟ್ಟಾಗ ಅತ್ತೆ ಕೇಳುವ ಮೊದಲ ಪ್ರಶ್ನೆ, ‘ಪಥ್ಯ ಏನು?’ ‘ಪಥ್ಯ ಗಿಥ್ಯ ಏನಿಲ್ಲಮ್ಮ, ಉಪ್ಪು ಕಮ್ಮಿ ಮಾಡಿ’ ಎಂದು ಡಾಕ್ಟರು ನಗುತ್ತಾರೆ. ಪಥ್ಯವಿಲ್ಲದ ಔಷಧಿ ಎಂಥ ಔಷಧಿ ಎಂದು ಅತ್ತೆಗೆ ಆಗಲೇ ನಂಬಿಕೆ ಅರ್ಧ ಇಳಿದಿರುತ್ತದೆ. ಉಪ್ಪು ಕಡಿಮೆ ಮಾಡುವುದೇ ಪಥ್ಯ ಎಂದು ಹೇಳಿದ್ದರೆ ಎಷ್ಟು ನಿಷ್ಠೆಯಿಂದ ಮಾಡುತ್ತಿದ್ದರೋ! ಎರಡನೆಯದು ಉಷ್ಣ. ಇಂಗ್ಲಿಷ್ ಮಾತ್ರೆಯೆಲ್ಲ ಉಷ್ಣ, ಅದಕ್ಕೆ ಬೇಸಿಗೆಯಲ್ಲಿ ಅರ್ಧ ಮಾತ್ರೆ. ಮೂರನೆಯದು ಒಪ್ಪತ್ತು. ಚೀಟಿಯಲ್ಲಿ ‘ಊಟದ ನಂತರ’ ಎಂದಿರುತ್ತದೆ, ಶನಿವಾರ ರಾತ್ರಿ ಊಟವಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ಇದರಲ್ಲಿ ಅವಿಧೇಯತೆ ಎಲ್ಲಿದೆ? ಚೀಟಿಯನ್ನು ಅಕ್ಷರಶಃ ಪಾಲಿಸಿದ್ದಾರೆ. ನಾಲ್ಕನೆಯದು ಬಣ್ಣ. ಹೋದ ಸಲ ಅಂಗಡಿಯವರು ಹಳದಿ ಮಾತ್ರೆ ಕೊಟ್ಟಿದ್ದರು, ಈ ಸಲ ಅದೇ ಔಷಧಿ ಬೇರೆ ಕಂಪನಿಯದು, ಬಿಳಿ. ‘ಬೇರೆ ಏನೋ ಕೊಟ್ಟಿದಾರೆ’ ಎಂದು ಅತ್ತೆ ಅದನ್ನು ಮುಟ್ಟಲಿಲ್ಲ. ಇದು ಅತ್ತೆಯೊಬ್ಬರ ಗುಣವೆಂದು ಬಹಳ ದಿನ ಅಂದುಕೊಂಡಿದ್ದೆ. ಹಾರ್ವರ್ಡಿನ ಆರನ್ ಕೆಸೆಲ್‌ಹೈಮ್ ಮತ್ತು ಸಂಗಡಿಗರು ಹೃದಯಾಘಾತವಾದ ಅಮೆರಿಕದ ರೋಗಿಗಳನ್ನು ಗಮನಿಸಿ 2014ರಲ್ಲಿ ಬರೆದದ್ದು ಇದನ್ನೇ: ಮಾತ್ರೆಯ ಬಣ್ಣ ಬದಲಾದಾಗ ಬಿಟ್ಟುಬಿಡುವ ಸಂಭವ ಶೇ 34, ಆಕಾರ ಬದಲಾದಾಗ ಶೇ 66 ಹೆಚ್ಚುತ್ತದೆ. ‘ಬಣ್ಣ ಬೇರೆ, ಔಷಧಿ ಅದೇ’ ಎಂಬ ನಾಲ್ಕು ಮಾತು ಯಾರೂ ಹೇಳಿರುವುದಿಲ್ಲ.

ಬಡವರು, ಹಳ್ಳಿಯವರು ಔಷಧಿಯ ಮಹತ್ವ ಅರಿಯರು ಎಂಬ ಮಾತಿಗೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಉತ್ತರ ಸಿಕ್ಕಿತ್ತು ಎಂಬುದು ಬಹಳ ಜನಕ್ಕೆ ನೆನಪಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಮಾತಾಡಿಸಿ 1963ರಲ್ಲಿ ಬರೆದರು. ತಜ್ಞರ ಎಣಿಕೆ, ಈ ಜನ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂದು. ನಿಜಕ್ಕೂ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮಿನ ಚಿಂತೆ ಹಚ್ಚಿಕೊಂಡು ಆಗಲೇ ಆಸ್ಪತ್ರೆಗೋ ಡಾಕ್ಟರ ಹತ್ತಿರಕ್ಕೋ ಹೋಗಿಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಮಿಕ್ಸ್ಚರಿನ ಒಂದು ಬಾಟಲಿ. ಕಫ ಪರೀಕ್ಷೆಯಿಲ್ಲ, ಕ್ಷಯವೆಂಬ ಮಾತಿಲ್ಲ. ರೋಗಿ ಬಂದಿದ್ದ, ಕೇಳಿಸಿಕೊಳ್ಳುವವರು ಇರಲಿಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಬದಲು, ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಮೊದಲು ನೋಡಿ ಎಂಬ ವಿವೇಕ ದೇಶದ ಕ್ಷಯ ಕಾರ್ಯಕ್ರಮಕ್ಕೆ ಬಂದದ್ದು ಈ ಕೆಲಸದಿಂದ.

ಅದೇ ಬೆಂಗಳೂರಿನಿಂದ ಇನ್ನೊಂದು ಉದಾಹರಣೆ. ಎಚ್‌ಐವಿ ಇದ್ದವರು ಮಾತ್ರೆ ತಪ್ಪಿಸಿದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನೆನಪಿಸಿದರಾಯಿತಲ್ಲ? ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಕಡೆ 631 ಮಂದಿಯನ್ನು 96 ವಾರ ಹಿಂಬಾಲಿಸಿದರು. ಅರ್ಧದಷ್ಟು ಜನಕ್ಕೆ ವಾರವಾರ ಧ್ವನಿಮುದ್ರಿತ ಕರೆ ಮತ್ತು ಒಂದು ಚಿತ್ರಸಂದೇಶ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಇಂಥ ‘ಆಗಲಿಲ್ಲ’ ಎಂಬ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸುವುದೂ ಒಂದು ದೊಡ್ಡತನ. ಮರೆವಿಗೆ ಗಡಿಯಾರ ಮದ್ದಾದೀತು. ಮಾತ್ರೆಯ ಡಬ್ಬಿಯನ್ನು ಅತ್ತಿಗೆ ನೋಡಿಬಿಟ್ಟರೆ ಎಂಬ ಭಯಕ್ಕೆ ಯಂತ್ರದ ಧ್ವನಿ ಏನು ಸಮಾಧಾನ ಹೇಳೀತು?

ತೃಪ್ತಿಯನ್ನೇ ದೇವರು ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಈಗ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ಆಗುವ ಮೊದಲೇ ಮೊಬೈಲಿಗೆ ಐದು ನಕ್ಷತ್ರ ಕೇಳುವ ಮೆಸೇಜು ಬಂದಿರುತ್ತದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ನಾವು ಅದೃಷ್ಟದ ಮಾತಾಗಿ ಬಳಸುತ್ತೇವೆ. ಕ್ಯಾಲಿಫೋರ್ನಿಯಾದ ಜೋಶುವಾ ಫೆಂಟನ್ ಸುಮಾರು 52,000 ಅಮೆರಿಕನ್ನರ ದಾಖಲೆ ನೋಡಿ 2012ರಲ್ಲಿ ಬರೆದದ್ದನ್ನು ಓದಿದರೆ ಆ ಗಾದೆ ಸ್ವಲ್ಪ ಹೆದರಿಸುತ್ತದೆ. ಡಾಕ್ಟರ ಬಗ್ಗೆ ಅತಿ ಹೆಚ್ಚು ತೃಪ್ತರಾಗಿದ್ದವರು ಔಷಧಿಗೆ ಹೆಚ್ಚು ಖರ್ಚು ಮಾಡಿದ್ದರು, ಆಸ್ಪತ್ರೆಗೆ ಹೆಚ್ಚು ಸೇರಿದ್ದರು, ಸಾಯುವ ಸಂಭವವೂ ಶೇ 26ರಷ್ಟು ಹೆಚ್ಚಿತ್ತು. ತೃಪ್ತಿಯೇ ಸಾವಿಗೆ ಕಾರಣವೆಂದು ಇದರರ್ಥವಲ್ಲ. ಕೇಳಿದ್ದನ್ನೆಲ್ಲ ಬರೆದುಕೊಡುವ ಡಾಕ್ಟರೂ ತೃಪ್ತಿ ಕೊಡುತ್ತಾರೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ನೆಗಡಿಗೆ ಆ್ಯಂಟಿಬಯಾಟಿಕ್, ಸುಸ್ತಿಗೆ ಡ್ರಿಪ್, ಹೋದ ಕೂಡಲೇ ಒಂದು ಇಂಜೆಕ್ಷನ್. ನಮ್ಮ ಊರುಗಳಲ್ಲಿ ಸೂಜಿ ಚುಚ್ಚದ ಡಾಕ್ಟರಿಗೆ ಕೈಗುಣ ಇಲ್ಲವೆಂದೇ ಹೆಸರು. ಕಾರ್ಶ್ ಅಳೆದದ್ದು ಈ ತೃಪ್ತಿಯನ್ನಲ್ಲ. ಅವರ ತಾಯಂದಿರು ಬಯಸಿದ್ದು ಸೂಜಿಯನ್ನಲ್ಲ, ಒಂದು ಪ್ರಶ್ನೆಗೆ ಉತ್ತರ.

ಆ ಪ್ರಶ್ನೆ ಹೊರಬರಲು ಎಷ್ಟು ಹೊತ್ತು ಬೇಕು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಜಾನ್ ಹೆರಿಟೇಜ್ ಮಾತುಕತೆಯನ್ನೇ ಅಧ್ಯಯನ ಮಾಡುವವರು. ಅವರೂ ಸಂಗಡಿಗರೂ 20 ಕುಟುಂಬ ವೈದ್ಯರಿಗೆ ಒಂದೊಂದೇ ವಾಕ್ಯ ಹೇಳಿಕೊಟ್ಟರು. ಕೆಲವರು ರೋಗಿಯನ್ನು ‘ಬೇರೆ ಏನಾದರೂ ಇದೆಯೇ’ ಎಂಬ ಅರ್ಥದಲ್ಲಿ ಕೇಳಬೇಕು, ಕೆಲವರು ‘ಇನ್ನೂ ಏನೋ ಇದೆಯಲ್ಲವೇ’ ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಒಂದೇ ಒಂದು ಪದದ ವ್ಯತ್ಯಾಸ. ಮೊದಲ ಪ್ರಶ್ನೆಯಿಂದ ಏನೂ ಬದಲಾಗಲಿಲ್ಲ. ಎರಡನೆಯದನ್ನು ಕೇಳಿದ ಕಡೆ, ರೋಗಿಗಳು ಹೇಳದೆ ಉಳಿಸಿಕೊಂಡು ಹೋಗುವ ದೂರುಗಳು ಶೇ 78ರಷ್ಟು ಕಡಿಮೆಯಾದವು. ಭೇಟಿಯ ಅವಧಿ ಅದರಿಂದ ಹೇಳಿಕೊಳ್ಳುವಷ್ಟು ಹೆಚ್ಚಲೂ ಇಲ್ಲ. ಇದು 2007ರ ಮಾತು.

ಕನ್ನಡದಲ್ಲಿ ಇದಕ್ಕೆ ಪದ ಹುಡುಕುವ ಅಗತ್ಯವೇ ಇಲ್ಲ, ನಮ್ಮಲ್ಲಿ ರಾಗವೇ ಸಾಕು. ‘ಮತ್ತೇನಾದ್ರೂ?’ ಎಂದು ಮುಂದಿನ ಚೀಟಿಯ ಕಡೆ ಕೈ ಚಾಚುತ್ತಾ ಕೇಳಿದರೆ ‘ಇಲ್ಲ’ ಎಂಬ ಉತ್ತರ ಆ ಪ್ರಶ್ನೆಯೊಳಗೇ ಇದೆ. ‘ಮತ್ತೆ? ಇನ್ನೇನೋ ಹೇಳ್ಬೇಕು ಅಂತಿದ್ರಿ’ ಎಂದರೆ ಬೇರೆ. ಹೋದ ತಿಂಗಳು ಅತ್ತೆಯನ್ನು ಕರೆದುಕೊಂಡು ಹೋದದ್ದು ನಾನೇ. ಡಾಕ್ಟರು ಬಿಪಿ ನೋಡಿದರು, ಯಾಕಮ್ಮ ಇಷ್ಟು ಏರಿದೆ ಎಂದರು, ಮಾತ್ರೆ ಬದಲಾಯಿಸಿದರು, ಬೇರೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ‘ಇಲ್ಲ ಡಾಕ್ಟ್ರೇ, ಅಷ್ಟೇ’ ಎಂದು ಅತ್ತೆ ಎದ್ದರು. ಆಟೋ ಹತ್ತಿ ಬಸ್‌ಸ್ಟ್ಯಾಂಡ್ ತಿರುವು ದಾಟುವ ಹೊತ್ತಿಗೆ, ಆ ಹಳೇ ಮಾತ್ರೆ ನುಂಗಿದ ದಿನವೆಲ್ಲ ಬಚ್ಚಲುಮನೆಯಲ್ಲಿ ತಲೆ ಸುತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದೆ, ಅದಕ್ಕೇ ಒಂದು ತಿಂಗಳಿಂದ ಬಿಟ್ಟಿದ್ದೆ ಎಂದರು. ಡಾಕ್ಟರು ಕೇಳಿದಾಗ ಹೇಳಬಾರದಿತ್ತೇ ಎಂದೆ.

‘ಹೇಳೋಣ ಅಂತ್ಲೇ ಇದ್ದೆ ಕಣೋ’ ಎಂದರು ಅತ್ತೆ. ‘ಅಷ್ಟರಲ್ಲಿ ಅವ್ರು ಪೆನ್ನು ಮುಚ್ಚಿಬಿಟ್ರಲ್ಲ.’